ಮೇಷ್ಟ್ರ ಚೀಟಿಯಲ್ಲಿ ಬರೆದ ಸಾಲು

ಬೀಗಲ್‌ನ ಬಟ್ಟಲಿಗೆ ಅನ್ನ ಹಾಕುವಾಗ ಇನ್ನೊಂದು ಕೈ ಪಾತ್ರೆಯ ಮುಚ್ಚಳದ ಮೇಲೇ ಇರಬೇಕು. ಕಣ್ಣು ತಪ್ಪಿತೆಂದರೆ ಅದು ಪಾತ್ರೆಯೊಳಗೇ ತಲೆ ತೂರಿಸುತ್ತದೆ. ಬೈದರೆ ಮೂಗು ಮೇಲೆತ್ತಿ, ತನಗೇ ಅನ್ಯಾಯವಾದಂತೆ ಊಳಿಡುತ್ತದೆ. ಪಗ್‌ಗೆ ಅನ್ನವನ್ನು ನುಣ್ಣಗೆ ಕಿವುಚಿ ಕೊಡಬೇಕು, ಇಲ್ಲದಿದ್ದರೆ ಉಸಿರು ಕಟ್ಟಿ ಗೊರಗೊರ ಎನ್ನುತ್ತದೆ. ಡಾಬರ್‌ಮನ್ ನೋಡುವುದಕ್ಕೆ ಯಮನ ಹಾಗಿದ್ದರೂ ಮಿಕ್ಸಿಯ ಸದ್ದು ಕೇಳಿದರೆ ಮಂಚದ ಕೆಳಗೆ. ಬಟ್ಟಲನ್ನು ಅಲ್ಲಿಗೇ ತಳ್ಳಬೇಕು. ಪೊಮೆರೇನಿಯನ್ ಮೊದಲು ಎಲ್ಲರ ಬಟ್ಟಲಿಗೂ ಬೊಗಳಿ, ಬಾಡಿಗೆ ಕೇಳಲು ಬಂದ ಮನೆಯೊಡತಿಯಂತೆ ಒಂದು ಸುತ್ತು ಹಾಕಿ, ಆಮೇಲೆ ಎರಡು ತುತ್ತು ತಿನ್ನುತ್ತದೆ. ನಮ್ಮ ಮನೆಯದೇ ಆದ ಬೆಲ್ಲ, ಹನ್ನೊಂದು ವರ್ಷದ ಲ್ಯಾಬ್ರಡಾರ್, ತನ್ನದನ್ನು ಮುಗಿಸಿ ಉಳಿದವರ ಬಟ್ಟಲು ನೆಕ್ಕಲು ಕಾಯುತ್ತಾ ಕೂತಿರುತ್ತದೆ.

ಅವತ್ತು ಅಭ್ಯಾಸಬಲದಿಂದ ಆರನೆಯ ಬಟ್ಟಲಿಗೂ ಅನ್ನ ಹಾಕಿಬಿಟ್ಟೆ. ಕೆಂಪು ಟೇಪು ಸುತ್ತಿದ ಬಟ್ಟಲು. ಅದರಲ್ಲಿ ಉಣ್ಣುತ್ತಿದ್ದ ನಾಯಿ ಎರಡು ದಿನದ ಹಿಂದೆಯೇ ಹೊರಟುಹೋಗಿತ್ತು.

ಸೊಸೆ ನೋಡಿದಳು. "ಅತ್ತೆ, ಆ ಬಟ್ಟಲು ತೊಳೆದು ಮೇಲಿಡಿ. ಅದು ಇನ್ನು ಈ ಮನೆ ಮೆಟ್ಟಿಲು ಹತ್ತಲ್ಲ."

ನಮ್ಮದು ನಾಯಿ ಇಟ್ಟುಕೊಳ್ಳುವ ಮನೆ. ಪ್ರಯಾಣ ಹೋಗುವವರು, ಆಸ್ಪತ್ರೆ ಸೇರುವವರು, ಮನೆಗೆ ಬಣ್ಣ ಹೊಡೆಸುವವರು ತಮ್ಮ ನಾಯಿಗಳನ್ನು ನಮ್ಮಲ್ಲಿ ಬಿಟ್ಟು ಹೋಗುತ್ತಾರೆ. ಕಸುಬು ಸೊಸೆಯದು. ಸ್ನಾನ, ಉಗುರು, ಕೂದಲು, ಗಿರಾಕಿಗಳ ಜೊತೆ ಮಾತು ಎಲ್ಲಾ ಅವಳದೇ. ಮಗ ಲಿಫ್ಟ್ ರಿಪೇರಿಯವನು, ದಿನವಿಡೀ ಯಾರದೋ ಕಟ್ಟಡದ ಕತ್ತಲ ಗುಂಡಿಯಲ್ಲಿರುತ್ತಾನೆ. ಮೊಮ್ಮಗಳಿಗೆ ಏಳು ವರ್ಷ. ಎಷ್ಟು ಉಂಡರೂ ಮೈಗೆ ಹತ್ತದ್ದರಿಂದ ಎಲ್ಲರ ಬಾಯಲ್ಲೂ ಕಡ್ಡಿ. ನನ್ನ ಪಾಲಿಗೆ ಎರಡು ಕೆಲಸ, ಅನ್ನ ಬೇಯಿಸುವುದು ಮತ್ತು ಚೀಟಿ ಬರೆಯುವುದು.

ಪ್ರತಿ ನಾಯಿಗೂ ಒಂದು ರಟ್ಟಿನ ಚೀಟಿ. ಏನು ತಿಂದಿತು, ಹೇಗೆ ಮಲಗಿತು, ಯಾರ ಜೊತೆ ಜಗಳ ಆಡಿತು ಎಂದು ಬರೆದು, ನಾಯಿ ಹೋಗುವ ದಿನ ಅದರ ಜೊತೆಗೇ ಕಳಿಸುವುದು ನಮ್ಮ ಮನೆಯ ರೂಢಿ. ಮಕ್ಕಳ ಶಾಲೆಯ ವರದಿಯನ್ನು ಓದುವ ಹಾಗೆ ಗಿರಾಕಿಗಳು ಅದನ್ನು ಗೇಟಿನಲ್ಲೇ ನಿಂತು ಓದುತ್ತಾರೆ. ಇದಲ್ಲದೆ ಮುಂದಿನ ಕೋಣೆಯ ಗೋಡೆಗೆ ನಾನೇ ಬರೆದ ಒಂದು ಪಟ್ಟಿ ಇದೆ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಹೊಸದರಲ್ಲಿ ಬರೆದದ್ದು. ಮಗ ಅದಕ್ಕೆ ಗಾಜು ಹಾಕಿಸಿ ತೂಗುಹಾಕಿದ. 'ಲ್ಯಾಬ್ರಡಾರ್: ಹೊಟ್ಟೆಬಾಕ. ಮಕ್ಕಳ ಜೊತೆ ಬಿಡಬಹುದು. ಬೀಗಲ್: ಕಳ್ಳ ಮೂಗು. ಶೆಫರ್ಡ್: ಕಾವಲು ಬುದ್ಧಿ, ಅನುಮಾನ ಜಾಸ್ತಿ. ಮಕ್ಕಳಿಂದ ದೂರ.' ಹೀಗೆ ಹನ್ನೆರಡು ಸಾಲು.

ಕೆಂಪು ಬಟ್ಟಲಿನದು ಶೆಫರ್ಡ್. ಗಡಿಯಾರ ರಿಪೇರಿ ಮಾಡುವ ಒಬ್ಬ ಹಿರಿಯರ ನಾಯಿ. ಅವರಿರುವುದು ನಮ್ಮಿಂದ ಒಂದು ಹಗಲಿನ ಪ್ರಯಾಣದಷ್ಟು ದೂರದಲ್ಲಿ. ಮಂಡಿಯ ಆಪರೇಷನ್ನಿಗೆಂದು ನಮ್ಮೂರಿನ ಆಸ್ಪತ್ರೆಗೆ ಬಂದಾಗ ಅದನ್ನು ನಮ್ಮಲ್ಲಿ ಬಿಟ್ಟಿದ್ದರು. ಬಂದ ಮಾರನೆಯ ಸಂಜೆಯೇ ಅದು ಹಿತ್ತಲಲ್ಲಿ ಎಲ್ಲ ನಾಯಿಗಳನ್ನೂ ಒಂದು ಕಡೆ ಸೇರಿಸಿ, ಒಂದೊಂದನ್ನೇ ಮೂಸಿ ಎಣಿಸತೊಡಗಿತು. ಡಾಬರ್‌ಮನ್ ಲೆಕ್ಕಕ್ಕೆ ಸಿಗದಿದ್ದರೆ ಮಂಚದ ಕೆಳಗಿನಿಂದ ಎಬ್ಬಿಸಿ ತರುತ್ತಿತ್ತು. ಕೊನೆಗೆ ಕಡ್ಡಿಯನ್ನೂ ಮೂಸಿ, ಹಾಜರಿ ಮುಗಿಯಿತು ಎಂಬಂತೆ ಬಾಗಿಲಿಗೆ ಅಡ್ಡ ಮಲಗುತ್ತಿತ್ತು. ಮಗ ಅದಕ್ಕೆ ಮೇಷ್ಟ್ರು ಎಂದು ಹೆಸರಿಟ್ಟ.

ಆ ಶನಿವಾರ ನಾನು ಬಟ್ಟೆ ಒಣಹಾಕುತ್ತಿದ್ದೆ, ಸೊಸೆ ಗೇಟಿನಲ್ಲಿ ಗಿರಾಕಿಯ ಜೊತೆಗಿದ್ದಳು. ಸ್ನಾನದ ಕೋಣೆಯಿಂದ ಕಡ್ಡಿ ಚೀರಿದ್ದು ಕೇಳಿಸಿತು. ಸೊಸೆ ಮೊದಲು ಓಡಿದಳು. ಮಗು ಗೋಡೆಗೆ ಅಂಟಿ ನಿಂತಿತ್ತು, ಮುಂಗೈಯಿಂದ ರಕ್ತ ಇಳಿಯುತ್ತಿತ್ತು. ಎದುರಿಗೆ ಅಡ್ಡಲಾಗಿ ಮೇಷ್ಟ್ರು, ಅದರ ಎದೆಯ ಕೂದಲಿಗೂ ರಕ್ತ. ಬೆಲ್ಲ ಮೂಲೆಯಲ್ಲಿ ಬಕೆಟ್ಟಿನ ಹಿಂದೆ ಕೂತಿತ್ತು. ಯಾರು ಕಚ್ಚಿದ್ದೆಂದು ಯಾರೂ ಕೇಳಲಿಲ್ಲ. ಅದು ಕೇಳುವ ಮಾತೇ ಆಗಿರಲಿಲ್ಲ.

ಡಾಕ್ಟರು ಗಾಯ ತೊಳೆದು, ಪಟ್ಟಿ ಕಟ್ಟಿ, ಸೂಜಿ ಚುಚ್ಚಿ ಕಳಿಸಿದರು. ಸೋಮವಾರ ಗಡಿಯಾರದವರ ತಂಗಿಯ ಮಗ ನಾಯಿಯನ್ನು ಕರೆದೊಯ್ಯಲು ಬಂದಾಗ, ಸೊಸೆ ಹೇಳಿದ್ದನ್ನು ನಾನು ದುಂಡಗೆ ಚೀಟಿಯಲ್ಲಿ ಬರೆದುಕೊಟ್ಟೆ. 'ಶನಿವಾರ ಮಗುವಿನ ಕೈ ಕಚ್ಚಿತು.'

ಮುಂದಿನ ವಾರ ಅವರ ಕಾಗದ ಬಂತು. ಅವರಿಗೆ ಕಿವಿ ಕೇಳಿಸುವುದಿಲ್ಲ, ಫೋನು ಉಪಯೋಗವಿಲ್ಲ, ಏನಿದ್ದರೂ ಬರವಣಿಗೆಯೇ. ಊಟದ ಮೇಜಿನ ಮೇಲೆ ನಾನು ಅದನ್ನು ಎಲ್ಲರಿಗೂ ಓದಿ ಹೇಳಿದೆ.

'ಅಮ್ಮನವರಿಗೆ ನಮಸ್ಕಾರ. ಮಗು ಹೇಗಿದೆ? ನಿಮ್ಮ ಚೀಟಿಯನ್ನು ನಮ್ಮ ಕಟ್ಟಡದ ಸಂಘದವರು ನೋಡಿದ್ದಾರೆ. ಕಚ್ಚಿದ ನಾಯಿ ಕಟ್ಟಡದಲ್ಲಿ ಇರಕೂಡದಂತೆ. ಬರುವ ತಿಂಗಳ ಹದಿನೈದರೊಳಗೆ ಅದನ್ನು ಸರ್ಕಾರಿ ನಾಯಿಮನೆಗೆ ಒಪ್ಪಿಸಬೇಕು. ಅಲ್ಲಿ ಕಚ್ಚಿದ ನಾಯಿಯನ್ನು ಯಾರಿಗೂ ಕೊಡುವುದಿಲ್ಲ, ಸೂಜಿ ಹಾಕಿ ಮುಗಿಸುತ್ತಾರೆ. ಒಂಬತ್ತು ವರ್ಷದಿಂದ ಅದು ನನ್ನ ಅಂಗಡಿಯಲ್ಲಿದೆ. ಗಿರಾಕಿ ಬಂದರೆ ನನಗೆ ಕೇಳಿಸುವುದಿಲ್ಲ, ಅದೇ ಬಂದು ಕಾಲು ತಟ್ಟುತ್ತದೆ. ನಿಮ್ಮ ಅಕ್ಷರ ಆತುರದಲ್ಲಿ ಬರೆದಂತೆ ಕಾಣುವುದಿಲ್ಲ. ಅದಕ್ಕೇ ಕೇಳುತ್ತೇನೆ, ನೀವು ಕಣ್ಣಾರೆ ಕಂಡಿರಾ? ಕಂಡಿದ್ದರೆ ಒಪ್ಪಿಕೊಳ್ಳುತ್ತೇನೆ.'

ಮಗ ಬ್ರೆಡ್ಡಿನ ತುಂಡನ್ನು ತಟ್ಟೆಯಲ್ಲೇ ಬಿಟ್ಟ. ಪಾಪ ಎಂದಳು ಸೊಸೆ, ಆದರೆ ಪಾಪ ಅಂದುಕೊಂಡು ಕೂತರೆ ನಾಳೆ ಇನ್ನೊಂದು ಮಗುವನ್ನು ಕಚ್ಚಿದರೆ ಯಾರು ಹೊಣೆ ಎಂದೂ ಕೇಳಿದಳು. ಕಡ್ಡಿ ಮೊಟ್ಟೆಯನ್ನು ಮುಟ್ಟದೆ ಎದ್ದು ಹೋಯಿತು.

ಆ ಒಂದು ಪ್ರಶ್ನೆಯನ್ನು ನಾನು ಮತ್ತೊಮ್ಮೆ ಓದಿಕೊಂಡೆ. ಕಣ್ಣಾರೆ ನಾನು ಕಂಡದ್ದು ಒದ್ದೆ ಬಟ್ಟೆಗಳನ್ನು ಮಾತ್ರ.

ಶನಿವಾರ ನಮ್ಮಲ್ಲಿ ಕಿವಿ ತೊಳೆಯುವ ದಿನ. ನಾಯಿಗಳನ್ನು ಸಾಲಾಗಿ ಕೂರಿಸಿ ಹತ್ತಿಯಲ್ಲಿ ಒಬ್ಬೊಬ್ಬರ ಕಿವಿ ಒರೆಸುತ್ತೇನೆ. ಮಗುವಿನ ಗಾಯದ ಗಲಾಟೆಯಲ್ಲಿ ಹಿಂದಿನ ಎರಡು ಶನಿವಾರವೂ ತಪ್ಪಿಹೋಗಿತ್ತು. ಬೀಗಲ್ ಹತ್ತಿಯನ್ನೇ ತಿನ್ನಲು ನೋಡಿತು. ಪೊಮೆರೇನಿಯನ್ ಬೈದುಕೊಂಡೇ ಒರೆಸಿಕೊಂಡಿತು. ಬೆಲ್ಲನ ಎಡಗಿವಿ ಎತ್ತಿದೆ, ಕೆಟ್ಟ ವಾಸನೆ ಬಡಿಯಿತು. ಹತ್ತಿ ತಾಗಿತೋ ಇಲ್ಲವೋ, ಬೆಲ್ಲ ತಿರುಗಿ ಬಾಯಿ ಹಾಕಿತು. ನನ್ನ ಬಳೆಗೆ ಹಲ್ಲು ಟಣ್ಣೆಂದಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಮರುಕ್ಷಣವೇ ನಾಚಿಕೊಂಡು ನನ್ನ ಕಾಲ ಮೇಲೆ ಗದ್ದ ಇಟ್ಟಿತು.

ನಾನು ಹತ್ತಿ ಅಲ್ಲೇ ಬಿಟ್ಟು ಒಳಗೆ ಹೋದೆ. ಕಡ್ಡಿಯ ಪಟ್ಟಿ ಬದಲಾಯಿಸುವ ಹೊತ್ತೂ ಆಗಿತ್ತು. ಇಷ್ಟು ದಿನ ನಾನೇ ಬದಲಾಯಿಸಿದ್ದರೂ ನೋಡಿರಲಿಲ್ಲ, ಈಗ ನೋಡಿದೆ. ದೊಡ್ಡ ನಾಯಿ ಹಿಡಿದರೆ ಮೇಲೆ ಎರಡು, ಕೆಳಗೆ ಎರಡು ಕೋರೆಹಲ್ಲು ಊರಬೇಕು. ಮಗುವಿನ ಕೈಮೇಲೆ ಇದ್ದದ್ದು ಮೂರೇ ಗುರುತು. ಮೇಷ್ಟ್ರ ಬಾಯಲ್ಲಿ ಹಲ್ಲೆಲ್ಲ ಗಟ್ಟಿಯಾಗಿದ್ದವು. ಬೆಲ್ಲ ಮಾತ್ರ ಎರಡು ವರ್ಷದ ಹಿಂದೆ ಬಕೆಟ್ಟಿನ ಹಿಡಿ ಕಚ್ಚಿ ಮೇಲಿನ ಒಂದು ಕೋರೆಹಲ್ಲು ಮುರಿದುಕೊಂಡಿತ್ತು.

"ಕಡ್ಡಿ, ಅವತ್ತು ಯಾರ ಕಿವಿಗೆ ಹತ್ತಿ ಹಾಕ್ದೆ?"

"ನೀನು ಹಾಕೋ ಹಾಗೇ ಹಾಕ್ದೆ ಅಜ್ಜಿ. ಮೆತ್ತಗೇ ಹಾಕ್ದೆ."

"ಯಾರಿಗೆ ಅಂತ ಕೇಳ್ದೆ."

"ಬೆಲ್ಲಂಗೆ."

"ಮೇಷ್ಟ್ರು ಏನು ಮಾಡ್ತು?"

"ಮಧ್ಯ ಬಂತು. ನನ್ನ ಗೋಡೆಗೆ ತಳ್ಳಿ ಅಡ್ಡ ನಿಂತ್ಕೊಂಡ್ತು. ಬೆಲ್ಲನ್ನ ನೋಡಿ ಗುರ್ ಅಂತು." ಅವಳು ಬಿಚ್ಚಿದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಕಚ್ಚಿದ ನಾಯಿಗೆ ಸೂಜಿ ಹಾಕ್ತಾರೆ ಅಂತ ಅಮ್ಮ ಯಾವಾಗ್ಲೂ ಹೇಳ್ತಾಳಲ್ಲ. ಮೇಷ್ಟ್ರು ಹೇಗಿದ್ರೂ ಅದರ ಮನೆಗೆ ಹೋಗತ್ತೆ ಅಂತ ಅಂದ್ಕೊಂಡೆ ಅಜ್ಜಿ."

ಏಳು ವರ್ಷದ ಮಗು ಅಷ್ಟು ಲೆಕ್ಕ ಹಾಕಿ ಬಾಯಿಗೆ ಬೀಗ ಹಾಕಿಕೊಂಡಿತ್ತು. ಅರವತ್ತೆಂಟು ದಾಟಿದ ನಾನು ಏನನ್ನೂ ಕೇಳದೆ ಪೆನ್ನು ಎತ್ತಿದ್ದೆ.

ಅಂದೇ ನಾಯಿ ಡಾಕ್ಟರು ಬೆಲ್ಲನ ಕಿವಿ ನೋಡಿದರು. ಒಳಗೆ ಕೀವು ತುಂಬಿತ್ತು. ಇಷ್ಟು ನೋವಿದ್ದರೆ ಬಸವಣ್ಣನಂಥ ನಾಯಿಯೂ ಬಾಯಿ ಹಾಕುತ್ತದೆ, ಬೇಗ ಗಮನಿಸಬೇಕಿತ್ತು ಎಂದು ಔಷಧಿ ಕೊಟ್ಟರು. ಮಧ್ಯಾಹ್ನದ ಊಟಕ್ಕೆ ಆಲೂಗಡ್ಡೆ ಬೇಯಿಸಿದ್ದೆ. ಅದು ಎಲ್ಲರ ತಟ್ಟೆಯಲ್ಲೂ ಆರುತ್ತಿದ್ದಂತೆ ನಾನು ಇದ್ದದ್ದನ್ನೆಲ್ಲ ಹೇಳಿದೆ. ಮಗಳ ಕೈಯ ಮೂರು ಗುರುತನ್ನು ಸೊಸೆ ತುಂಬಾ ಹೊತ್ತು ನೋಡಿದಳು.

"ಇವತ್ತೇ ಬರೆದು ಹಾಕ್ತೀನಿ," ಎಂದೆ.

"ಏನಂತ?"

"ಕಚ್ಚಿದ್ದು ನಮ್ಮ ನಾಯಿ ಅಂತ."

"ಬರೋ ತಿಂಗಳು ಹದಿನೆಂಟಕ್ಕೆ ಇನ್‌ಸ್ಪೆಕ್ಟರ್ ಬರ್ತಾರೆ ಅತ್ತೆ. ಲೈಸೆನ್ಸ್ ನವೀಕರಣ. ಆ ಫಾರಮ್ಮಲ್ಲಿ ಮೊದಲನೇ ಪ್ರಶ್ನೆನೇ, ಮನೆಯ ನಾಯಿ ಯಾರನ್ನಾದ್ರೂ ಕಚ್ಚಿದೆಯಾ ಅಂತ. ಅವರು ಬಂದು ಹೋಗ್ಲಿ. ಹತ್ತೊಂಬತ್ತಕ್ಕೆ ಹಾಕಿ."

"ಮೇಷ್ಟ್ರನ್ನ ಹದಿನೈದಕ್ಕೆ ಕಳಿಸ್ತಾರಲ್ಲಮ್ಮ."

"ನನಗೂ ಎಣಿಸೋಕೆ ಬರತ್ತೆ." ಅವಳು ತಟ್ಟೆ ಸರಿಸಿದಳು. "ಎಂಟು ವರ್ಷ ನಾಯಿ ಕೂದಲು ಉಸಿರಾಡಿ ಕಟ್ಟಿದ ಕಸುಬು ಇದು. ಲೈಸೆನ್ಸ್ ಹೋದ್ರೆ ಮತ್ತೆ ಯಾರದೋ ಅಂಗಡಿಯಲ್ಲಿ ಬಾಚಣಿಗೆ ಹಿಡೀಬೇಕು. ನಿಮ್ಮ ಕೈಬರಹ ಚೆನ್ನಾಗಿದೆ, ಒಪ್ಕೋತೀನಿ. ಅದರಿಂದ ಒಲೆ ಉರಿಯಲ್ಲ."

ಮಗ ನಡುವೆ ಬಾಯಿ ಹಾಕಿದ. ಯಾವ ನಾಯಿ ಎಂದು ಖಚಿತವಿಲ್ಲ ಎಂದು ಬರೆದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಅಲ್ಲವೇ ಎಂದ. ಅಲ್ಲಿ ಸಾಯುವುದು ಹಾವಲ್ಲ ಕಣೋ, ಆ ಸಂಘದವರಿಗೆ ಖಚಿತವಾದ ಮಾತೇ ಬೇಕು, ಅನುಮಾನದ ಮೇಲೆ ಅವರು ಶೆಫರ್ಡನ್ನು ಒಳಗೆ ಬಿಡುತ್ತಾರೆಯೇ ಎಂದೆ. ಅವನು ಆರಿದ ಆಲೂಗಡ್ಡೆಯನ್ನು ಚಮಚದಿಂದ ಎರಡು ಮಾಡಿದ. "ಎರಡು ಅಂತಸ್ತಿನ ಮಧ್ಯೆ ಲಿಫ್ಟ್ ನಿಂತ ಹಾಗಾಯ್ತು ನಮ್ಮನೆ," ಎಂದ ಕೊನೆಗೆ.

ಅವತ್ತೇ ಕಾಗದ ಬರೆದೆ. ಒಂದೂವರೆ ಪುಟ. ಲಕೋಟೆಗೆ ಹಾಕಿ, ಸ್ಟಾಂಪು ಹಚ್ಚಿ, ಮೂಲೆಯ ಅಂಚೆ ಡಬ್ಬಿಯವರೆಗೆ ನಡೆದು ಹೋದೆ. ಡಬ್ಬಿಯ ಬಾಯಿಗೆ ಹಿಡಿದವಳು ಹಾಗೇ ವಾಪಸು ಬಂದೆ. ಒಂದು ಸಲ ಯಾರನ್ನೂ ಕೇಳದೆ ಬರೆದು ಒಂದು ಜೀವಕ್ಕೆ ಕುತ್ತು ತಂದಾಗಿತ್ತು. ಎರಡನೆಯ ಸಲವೂ ಹೇಳದೆ ಕೇಳದೆ ಸೊಸೆಯ ಅನ್ನಕ್ಕೆ ಕೈ ಹಾಕುವುದು ನನ್ನಿಂದಾಗಲಿಲ್ಲ. ಅವಳ ಬಾಯಿಂದಲೇ ಹೂಂ ಬರಲಿ ಎಂದು ಕಾಯಲು ನಿಂತೆ. ಲಕೋಟೆಯನ್ನು ಅಕ್ಕಿ ಡಬ್ಬದೊಳಗೆ, ಅಳತೆಯ ಪಾವಿನ ಕೆಳಗಿಟ್ಟೆ. ದಿನಕ್ಕೆ ಎರಡು ಸಲ ಅಕ್ಕಿ ತೆಗೆಯುವಾಗ ಅದು ಕೈಗೆ ತಗಲುತ್ತಿತ್ತು.

ತಿಂಗಳು ತಿರುಗಿತು. ಬೆಲ್ಲನನ್ನು ಹಿಂದಿನ ಕೋಣೆಯಲ್ಲಿ ಕೂಡಿಟ್ಟೆವು. ಹೊರಗೆ ಬಿಟ್ಟಾಗ ಬಾಯಿಗೆ ಚರ್ಮದ ಬುಟ್ಟಿ. ಗಿರಾಕಿಗಳು ಕೇಳಿದರೆ ವಯಸ್ಸಾಯಿತು, ಮಲಗಿದೆ ಎನ್ನುತ್ತಿದ್ದಳು ಸೊಸೆ. ಗೇಟು ಸದ್ದಾದಾಗಲೆಲ್ಲ ಅವಳು ಮೊದಲು ಹಿಂದಿನ ಬಾಗಿಲ ಚಿಲಕ ನೋಡುತ್ತಿದ್ದಳು. ಡಾಬರ್‌ಮನ್ನಿನ ಉಗುರನ್ನು ತೀರಾ ಒಳಗೆ ಕತ್ತರಿಸಿ ರಕ್ತ ಬರಿಸಿದಳು. ಇಷ್ಟು ವರ್ಷದಲ್ಲಿ ಅವಳಿಂದ ಅಂಥ ತಪ್ಪು ಆಗಿರಲಿಲ್ಲ. ಸೂಪಿಗೆ ಉಪ್ಪು ಹೆಚ್ಚಾಯಿತೆಂದು ನನ್ನ ಮೇಲೆ ರೇಗಿದಳು, ಅದನ್ನು ಮಾಡಿದವಳು ಅವಳೇ. ಕಡ್ಡಿ ಊಟದಲ್ಲಿ ಅರ್ಧ ಬ್ರೆಡ್ಡು ಜೇಬಿಗೆ ಸೇರಿಸಿ ಬೆಲ್ಲನ ಕೋಣೆಯ ಬಾಗಿಲ ಸಂದಿಯಲ್ಲಿ ತುರುಕುತ್ತಿತ್ತು. ಬೆಲ್ಲನಿಗೆ ಸೂಜಿ ಹಾಕುತ್ತಾರಾ ಎಂದು ದಿನಕ್ಕೊಂದು ಸಲ ಕೇಳುತ್ತಿತ್ತು. ಇಲ್ಲ, ಕಿವಿಗೆ ಔಷಧಿ ಮಾತ್ರ ಎನ್ನುತ್ತಿದ್ದೆ. ಮೇಷ್ಟ್ರಿಗೆ ಎಂದು ಅದು ಕೇಳಲಿಲ್ಲ.

ಐದನೆಯ ತಾರೀಕು ಒಂದು ಕಾರ್ಡು ಬಂತು. 'ನನ್ನ ಕಾಗದ ತಲುಪಿತೇ? ಹದಿನೈದಕ್ಕೆ ಇನ್ನು ಎರಡು ವಾರವೂ ಇಲ್ಲ. ಮಂಡಿ ಇನ್ನೂ ಮಡಚುವುದಿಲ್ಲ, ಇಲ್ಲದಿದ್ದರೆ ನಾನೇ ಬರುತ್ತಿದ್ದೆ.' ನಾನು ಅದನ್ನು ಓದಿ ಹೇಳಲಿಲ್ಲ. ಸೊಸೆಯ ಬಾಚಣಿಗೆ ಪೆಟ್ಟಿಗೆಯ ಮೇಲಿಟ್ಟೆ. ಸಂಜೆ ನೋಡಿದರೆ ಅದು ಅಲ್ಲೇ ಇತ್ತು, ಮಗುಚಿ ಇಟ್ಟಿತ್ತು.

ಆರು, ಏಳು, ಎಂಟು. ಒಂಬತ್ತರ ಬೆಳಗ್ಗೆ ಅವಳು ಫಾರಮ್ಮು ತುಂಬಲು ಕೂತಳು. ಮೊದಲನೆಯ ಪ್ರಶ್ನೆಗೆ ಜಾಗ ಬಿಟ್ಟು ಉಳಿದದ್ದನ್ನೆಲ್ಲ ತುಂಬಿದಳು.

ಹನ್ನೊಂದನೆಯ ತಾರೀಕು ಮಧ್ಯಾಹ್ನ ಪಗ್‌ನ ಮನೆಯಾಕೆ ತನ್ನ ನಾಯಿಯನ್ನು ಕರೆದೊಯ್ಯಲು ಬಂದಳು. ಜೊತೆಗೆ ಮೂರು ವರ್ಷದ ಮಗ, ಕೈಯಲ್ಲಿ ಬಿಸ್ಕತ್ತು. ನನ್ನ ಮಗ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಹಿಂದಿನ ಬಾಗಿಲ ಚಿಲಕ ಹಾಕಿರಲಿಲ್ಲ. ನಾನು ಚೀಟಿಯ ಕೊನೆಯ ಸಾಲು ಬರೆಯುತ್ತಿದ್ದೆ. ತಲೆ ಎತ್ತಿದರೆ ಬೆಲ್ಲ, ಬಾಯಿಗೆ ಬುಟ್ಟಿಯಿಲ್ಲದೆ, ಬಾಲ ಆಡಿಸುತ್ತಾ ಮುಂದಿನ ಕೋಣೆಯಲ್ಲಿ ನಿಂತಿತ್ತು.

"ಹೋಗೋ, ಬೆಲ್ಲಂಗೆ ಕೊಡು," ಎಂದಳು ಆಕೆ ಮಗನಿಗೆ. ಗೋಡೆಯತ್ತ ಕೈ ತೋರಿಸಿ ನಕ್ಕಳು. "ಅಜ್ಜಿ ಬರೆದಿದ್ದಾರಲ್ಲ, ಮಕ್ಕಳ ಜೊತೆ ಬಿಡಬಹುದು ಅಂತ. ಇದು ಏನೂ ಮಾಡಲ್ಲ, ಅಲ್ವಾ?"

ಹುಡುಗ ಒಂದು ಕೈಯಲ್ಲಿ ಬಿಸ್ಕತ್ತು ಚಾಚಿ, ಇನ್ನೊಂದನ್ನು ಬೆಲ್ಲನ ಎಡಗಿವಿಯತ್ತ ಒಯ್ದ. ನಾನು ಏಳುವಷ್ಟರಲ್ಲಿ ಸೊಸೆ ಅವನನ್ನು ಸೊಂಟಕ್ಕೆ ಹಿಡಿದು ಎತ್ತಿಬಿಟ್ಟಿದ್ದಳು. ಬಿಸ್ಕತ್ತು ನೆಲಕ್ಕೆ ಬಿತ್ತು.

"ಮುಟ್ಟಬೇಡ. ಕಚ್ಚತ್ತೆ."

ಆಕೆ ನಗುವುದನ್ನು ನಿಲ್ಲಿಸಿದಳು. "ಬೆಲ್ಲನಾ?"

"ಹೌದು. ಕಿವಿ ನೋವು ಅದಕ್ಕೆ. ನನ್ನ ಮಗಳ ಕೈ ಕಚ್ಚಿದ್ದು ಇದೇ."

ಆಕೆ ಹುಡುಗನನ್ನು ಎತ್ತಿಕೊಂಡಳು, ಪಗ್‌ನ ಹಗ್ಗ ತೆಗೆದುಕೊಂಡಳು. ಚೀಟಿ ಓದದೆಯೇ ಹೋದಳು. ಮುಂದಿನ ತಿಂಗಳಿಗೆಂದು ಹೇಳಿಟ್ಟಿದ್ದ ದಿನಗಳ ಮಾತು ಎತ್ತಲಿಲ್ಲ.

ಸೊಸೆ ಗೇಟು ಹಾಕಿ ಬಂದು ಕೈ ತೊಳೆದಳು. ಎರಡು ಸಲ ತೊಳೆದಳು. ಬೆಲ್ಲ ಬಿಸ್ಕತ್ತು ಮುಗಿಸಿ ನೆಲ ನೆಕ್ಕುತ್ತಿತ್ತು.

"ಆ ಕಾಗದ ಎಲ್ಲಿದೆ ಅತ್ತೆ?"

ಅಕ್ಕಿ ಡಬ್ಬದಿಂದ ತೆಗೆದುಕೊಟ್ಟೆ. ಅವಳು ಅಕ್ಕಿಯ ಪುಡಿ ಜಾಡಿಸಿ, ಲಕೋಟೆ ಬಿಡಿಸಿ, ನಿಂತಲ್ಲೇ ಒಂದೂವರೆ ಪುಟವನ್ನೂ ಓದಿದಳು.

"ಇದರಲ್ಲಿ 'ನಾನು ನೋಡದೆ ಬರೆದೆ' ಅಂತಿದೆ."

"ನಿಜ ತಾನೆ."

"ಅರ್ಧ ನಿಜ. ನೋಡದೆ ಹೇಳಿದ್ದು ನಾನು. ಅದನ್ನೂ ಬರೀರಿ."

ಬರೆದೆ. ಅವಳು ಮೇಜಿನ ಖಾನೆಯಿಂದ ಕಸುಬಿನ ಸೀಲು ತೆಗೆದಳು, ಲೈಸೆನ್ಸ್ ನಂಬರ್ ಇರುವ ಸೀಲು. ಇದಿಲ್ಲದಿದ್ದರೆ ಸಂಘದವರು ಯಾರೋ ಅಜ್ಜಿಯ ಕರುಣೆ ಅಂದುಕೊಂಡಾರು ಎಂದು ನನ್ನ ಹೆಸರಿನ ಪಕ್ಕದಲ್ಲಿ ಒತ್ತಿದಳು. ಒತ್ತಿದ ಕೈಯನ್ನು ಒಂದು ಗಳಿಗೆ ಎತ್ತಲಿಲ್ಲ. ಆಮೇಲೆ ಫಾರಮ್ಮು ಎಳೆದುಕೊಂಡು ಮೊದಲನೆಯ ಪ್ರಶ್ನೆಯ ಮುಂದೆ ಹೌದು ಎಂದು ಬರೆದಳು.

"ಏನಾಗತ್ತೋ ಆಗ್ಲಿ," ಎಂದಳು. ಆಗಲಿ ಎನ್ನುವವರ ಧ್ವನಿ ಅದಾಗಿರಲಿಲ್ಲ.

ಮೂಲೆಯ ಡಬ್ಬಿಯನ್ನು ನಂಬುವ ಹಾಗಿರಲಿಲ್ಲ. ಅಂಚೆಗೆ ಮೂರು ದಿನ ಬೇಕು, ನಮಗಿದ್ದದ್ದು ನಾಲ್ಕು. ಸೊಸೆ ಸ್ಕೂಟರ್ ತೆಗೆದಳು. ಕಡ್ಡಿಯನ್ನು ಮುಂದೆ ನಿಲ್ಲಿಸಿ, ನನ್ನನ್ನು ಹಿಂದೆ ಕೂರಿಸಿಕೊಂಡು ದೊಡ್ಡ ಅಂಚೆ ಕಚೇರಿಗೆ ಹೋದಳು. ಕಿಟಕಿ ಮುಚ್ಚಲು ಹತ್ತು ನಿಮಿಷವಿತ್ತು. ಮುಂದೆ ಒಬ್ಬಾತ ದೊಡ್ಡ ಪಾರ್ಸಲ್ಲಿಗೆ ಒಂದೊಂದೇ ಸ್ಟಾಂಪು ನೆಕ್ಕಿ ಹಚ್ಚುತ್ತಿದ್ದ. ನಾನು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದೆ. ಕಡ್ಡಿ ಪಟ್ಟಿ ಬಿಚ್ಚಿದ ಕೈಯಿಂದ ಕಟ್ಟೆ ಹಿಡಿದು, ತುದಿಗಾಲ ಮೇಲೆ ನಿಂತು ನೋಡುತ್ತಿತ್ತು. ಗಾಯ ಒಣಗಿ ಮೂರು ಗುಲಾಬಿ ಚುಕ್ಕೆಯಾಗಿತ್ತು.

ನಮ್ಮ ಸರದಿ ಬಂತು. ರಿಜಿಸ್ಟರ್ ಮಾಡಬೇಕೆಂದಳು ಸೊಸೆ. ಗುಮಾಸ್ತ ಲಕೋಟೆಯನ್ನು ತಕ್ಕಡಿಯ ಮೇಲೆ ಹಾಕಿದ.

"ಹದಿನಾಲ್ಕಕ್ಕೆ ತಲುಪತ್ತಾ?"

"ತಲುಪಬೇಕು. ಅವಸರದ್ದಾ?"

"ಒಂದು ತಪ್ಪು ಬರೆದು ಕಳಿಸಿದ್ವಿ," ಎಂದಳು ಅವಳು. "ತಿದ್ದಿ ಕಳಿಸ್ತಿದ್ದೀವಿ."

ಅವನಿಗೆ ಅದರ ಗೊಡವೆ ಇರಲಿಲ್ಲ. ಎರಡು ಸಲ ಮುದ್ರೆ ಬಡಿದು ರಶೀದಿ ಹರಿದುಕೊಟ್ಟು, ಲಕೋಟೆಯನ್ನು ಹಿಂದಿದ್ದ ಗೋಣಿಚೀಲಕ್ಕೆ ಎಸೆದ. ಚೀಲದ ಬಾಯಿ ಕಟ್ಟಿ, ಅದನ್ನು ಹೊತ್ತುಕೊಂಡು ಹಿಂಬಾಗಿಲಲ್ಲಿ ಕಾಯುತ್ತಿದ್ದ ವ್ಯಾನಿನತ್ತ ಹೋಗುವವರೆಗೂ ನಾವು ಮೂವರೂ ಆ ಕಿಟಕಿಯ ಮುಂದಿನಿಂದ ಅಲ್ಲಾಡಲಿಲ್ಲ.